ಭಟ್ಟಿ ಜಾಫರನಿಗೆ, ಭಟ್ಟಿ ಜಾಫರನಿಂದ

ಗುತ್ತೂರು, ಹರಿಹರ ತಾಲ್ಲೂಕು
ಮೇ ತಿಂಗಳು, 1984

ಜಾಫರಣ್ಣನವರಿಗೆ, ನಿಮ್ಮನ್ನು ಕಣ್ಣಾರೆ ಒಮ್ಮೆಯೂ ನೋಡದವನಿಂದ ಸಲಾಮು, ಶರಣು, ಎರಡೂ.

ನನ್ನ ಪರಿಚಯ ನಿಮಗಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಎರಡು ತಿಂಗಳು ಯಾರಾದರೂ "ಜಾಫರ್!" ಎಂದು ಕೂಗಿದರೆ "ಹ್ಞಾಂ" ಎಂದು ಓಗೊಟ್ಟವನು ನಾನು. ನಿಮ್ಮ ಹೆಸರಿನಲ್ಲಿ ಬೈಸಿಕೊಂಡಿದ್ದೇನೆ, ನಿಮ್ಮ ಹೆಸರಿನಲ್ಲಿ ಕೋಳ ತೊಟ್ಟಿದ್ದೇನೆ, ನಿಮ್ಮ ಪಾಲಿನ ಊಟವನ್ನೂ ಉಂಡಿದ್ದೇನೆ. ಕಡೆಗೆ ನಿಮ್ಮ ಹೆಸರಿನಲ್ಲಿ ಸತ್ತೂ ಇದ್ದೇನೆ. ಗಾಬರಿಯಾಗಬೇಡಿ, ಎಲ್ಲ ಸಿನಿಮಾದಲ್ಲಿ. ನಿಮ್ಮ ಮೇಲೆ ಒಂದು ಸಿನಿಮಾ ಬಂದಿದೆ, "ಭಟ್ಟಿ ಜಾಫರ್" ಎಂದೇ ಅದರ ಹೆಸರು. ಅದರಲ್ಲಿ ನೀವಾಗಿ ನಟಿಸಿದವನು ನಾನು, ಗುತ್ತೂರು ಅಂಜಿನಪ್ಪ. ಈ ಸುದ್ದಿ ನಿಮ್ಮ ಖೋಲಿಯ ತನಕ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ನಿಮ್ಮ ಕೈಗೆ ಕೊಡುವ ಮುಂಚೆ ಈ ಕಾಗದವನ್ನು ಅಲ್ಲಿನ ಸಾಹೇಬರೊಬ್ಬರು ಓದುತ್ತಾರಂತೆ. ಸಾಹೇಬರೇ, ನಿಮಗೂ ನಮಸ್ಕಾರ. ಇದರಲ್ಲಿ ಸುರಂಗದ ಸುದ್ದಿ ಇಲ್ಲ, ಗರಗಸದ ಸುದ್ದಿಯೂ ಇಲ್ಲ. ಒಬ್ಬ ಮುದುಕಿಯ ಸುದ್ದಿ ಇದೆ. ದಯಮಾಡಿ ಪೂರ್ತಿ ಓದಿ, ಪೂರ್ತಿ ಕೊಡಿ, ನಡುನಡುವೆ ಮಸಿ ಬಳಿಯಬೇಡಿ. ಜಾಫರಣ್ಣ, ನೀವು ಒಳಗೇ ಕನ್ನಡ ಓದಲು ಕಲಿತಿರಿ ಎಂದು ಕೇಳಿದೆ. ಕಲಿಸಿದ ಮೇಷ್ಟ್ರ ಮೇಲೆ ಮಾತ್ರ ಇವತ್ತಿನವರೆಗೂ ಕೈ ಮಾಡಿಲ್ಲವಂತೆ. ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ನಾನು ಕಂಪನಿ ನಾಟಕದವನು, ಮೀಸೆ ಮೂಡಿದಾಗಿನಿಂದ ಖಳನಾಯಕ. ದೇವರು ನನಗೆ ಎತ್ತಿನ ಹೆಗಲು ಕೊಟ್ಟ, ಊರಾಚೆ ಕೇಳುವ ಗಂಟಲು ಕೊಟ್ಟ, ಹುರಿಮೀಸೆ ಕೊಟ್ಟ. ಒಳಗೆ ಇಡಬೇಕಾದ ಧೈರ್ಯವನ್ನು ಇಡುವುದು ಮರೆತ. ಮನೆಯಲ್ಲಿ ಜಿರಲೆ ಕಂಡರೆ ನನ್ನ ಹೆಂಡತಿ ಕೊಟ್ರವ್ವನನ್ನು ಕೂಗುತ್ತೇನೆ. ನಾಟಕದ ದಿನ ಪರದೆ ಏಳುವ ಮುಂಚೆ ರಂಗದ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಮುಖ ತೊಳೆದುಕೊಂಡು ಬರುತ್ತೇನೆ. ಇವತ್ತಿಗೂ ಅದು ತಪ್ಪಿಲ್ಲ. ಪರದೆ ಎದ್ದ ಮೇಲೆ ನಾನು ಯಮ, ಏಳುವ ತನಕ ಆಡಿನ ಮರಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಕಂಪನಿ ಮಲೆಬೆನ್ನೂರಿನಲ್ಲಿ ಕ್ಯಾಂಪು ಹಾಕಿತ್ತು. ಭತ್ತದ ಸುಗ್ಗಿ ಹತ್ತಿರ ಬಂದಿತ್ತು, ಜನ ಟ್ರ್ಯಾಕ್ಟರು ಟ್ರ್ಯಾಕ್ಟರು ತುಂಬಿಕೊಂಡು ಬರುತ್ತಿದ್ದರು. ಒಂದು ದಿನ ಬೆಂಗಳೂರಿನಿಂದ ಗಡ್ಡದವರೊಬ್ಬರು ಬಂದು ಮುಂದಿನ ಸಾಲಿನಲ್ಲಿ ಕೂತರು. ಹೆಗಲಿಗೆ ಬಟ್ಟೆಯ ಚೀಲ, ಕಣ್ಣಿಗೆ ದಪ್ಪ ಕನ್ನಡಕ. ಸಿನಿಮಾ ನಿರ್ದೇಶಕರಂತೆ. ನಾಟಕ ಮುಗಿದ ಮೇಲೆ ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದೇ ಮುಖ!" ಎಂದರು. ಹಾಡು ಬೇಡ, ಕುಣಿತ ಬೇಡ, ಹಸಿ ಹಸಿ ಸತ್ಯ ಬೇಕು ಎಂದರು. ಕೊಟ್ರವ್ವ ಪಕ್ಕದಲ್ಲೇ ಇದ್ದಳು. "ಹಸೀದು ಬ್ಯಾಡ್ರೀ ಸ್ವಾಮಿ, ನಮ್ಮ ಯಜಮಾನ್ರಿಗೆ ಹೊಟ್ಟೆ ತಡಿಯಲ್ಲ" ಎಂದಳು. ಅವರು ಅದಕ್ಕೂ ನಗಲಿಲ್ಲ. ಅವರು ಯಾವುದಕ್ಕೂ ನಗುವವರಲ್ಲ ಎಂದು ಆಮೇಲೆ ಗೊತ್ತಾಯಿತು.

ನಿಮ್ಮ ಕಥೆಯನ್ನು ಅವರು ಪೇಪರುಗಳಿಂದ ಆರಿಸಿ ಕಟ್ಟಿದ್ದರು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಹುಟ್ಟಿ ಬೆಳೆದ ಹುಡುಗ. ಹೊಟ್ಟಿನ ಗಾಡಿಯ ಜಗಳದಲ್ಲಿ ಭಟ್ಟಿಯ ಸಲಾಕೆ ಹಿಡಿದು ಇಬ್ಬರ ಕೈಕಾಲು ಮುರಿದ. ಒಳಗೆ ಹೋದದ್ದು ಸಣ್ಣ ಶಿಕ್ಷೆಗೆ. ಅಲ್ಲಿ ವಾರ್ಡರುಗಳ ಮೇಲೆ, ಜೊತೆಯ ಖೈದಿಗಳ ಮೇಲೆ ಕೈ ಮಾಡಿ ಮಾಡಿ ಶಿಕ್ಷೆಯ ಮೇಲೆ ಶಿಕ್ಷೆ. ಈ ಜೈಲಿನವರು ಸಾಕಪ್ಪಾ ಎಂದು ಆ ಜೈಲಿಗೆ ಕಳಿಸುವುದು, ಆ ಜೈಲಿನವರು ಬೇಡವೇ ಬೇಡ ಎಂದು ಇನ್ನೊಂದಕ್ಕೆ. ಬೇರೆಯವರು ಒಳಗೆ ಹೋಗಿ ಶಿಕ್ಷೆ ಕಳೆಯುತ್ತಾರೆ, ನೀವು ಬೆಳೆ ತೆಗೆದ ಹಾಗೆ ತೆಗೆದಿರಿ. ಇಂಥವನಾಗಿ ನಾನು ಹೇಗೆ ನಿಲ್ಲಲಿ ಎಂದು ಹೆದರಿ ಕೊಟ್ರವ್ವನನ್ನು ಕೇಳಿದರೆ, "ಯಮ ಆಗೀರಿ, ಜಾಫರ್ ಆಗಾಕೇನು ಧಾಡಿ?" ಎಂದಳು.

ಮೊದಲ ಶೂಟಿಂಗು ನಿಮ್ಮ ಭಟ್ಟಿಯಲ್ಲೇ. ಹೌದು, ನಿಮ್ಮದೇ ಭಟ್ಟಿ, ಅದೇ ಕಪ್ಪು ಗೋಡೆ, ಅದೇ ದೊಡ್ಡ ಬಾಣಲೆ, ಅದೇ ಕಾದ ಮರಳು. ನಿಮ್ಮ ತಾಯಿ ಮಾಬೂಬಮ್ಮ ಈಗಲೂ ಅದನ್ನು ನಡೆಸುತ್ತಿದ್ದಾರೆ. ನಿರ್ದೇಶಕರು ಅವರ ಮುಂದೆ ಕೈಮುಗಿದು, ನಮಗೆ ಇಲ್ಲಿನ ಹೊಗೆ ಬೇಕಾಗಿದೆ ಎಂದಾಗ, "ಹೊಗೆ ತಾನೇ? ಬೇಕಾದಷ್ಟೈತೆ, ತಗೊಂಡು ಹೋಗ್ರಿ" ಎಂದರು. ಆಮೇಲೆ ಸಿನಿಮಾ ಯಾರ ಮೇಲೆ ಎಂದು ಅವರಿಗೆ ತಿಳಿಯಿತು. ಮುಖ ಗಂಟಿಕ್ಕಿ, "ನನಗೊಬ್ಬ ಮಗ ಇದ್ದ, ಸತ್ತ. ಸತ್ತವನ ಸಿನಿಮಾ ಏನ್ಮಾಡ್ತೀರೋ ಮಾಡಿಕೊಳ್ರಿ, ನಾ ನೋಡಂಗಿಲ್ಲ" ಎಂದು ನಮ್ಮ ಕಡೆಗೆ ಬೆನ್ನು ಹಾಕಿ ಜರಡಿ ಹಿಡಿದು ಕೂತುಬಿಟ್ಟರು. ಕೊಟ್ಟ ಮಾತು ಹಿಂದೆಗೆದುಕೊಳ್ಳುವ ಹೆಂಗಸಲ್ಲ, ಅದಕ್ಕೆ ನಮ್ಮನ್ನು ಓಡಿಸಲಿಲ್ಲ.

ಆ ಮಾತು ಅವರ ಬಾಯಲ್ಲಿ ಯಾಕೆ ಬಂತು ಎಂದು ಭಟ್ಟಿಯ ಕೆಲಸದವರು ಹೇಳಿದರು. ನಿಮ್ಮನ್ನು ನೋಡಲೆಂದು ಅವರು ಎಷ್ಟೋ ಸಲ ಜೈಲಿಗೆ ಬಂದರಂತೆ. ಬಿಸಿ ಮಂಡಕ್ಕಿ ಚೀಲಕ್ಕೆ ತುಂಬಿ, ಬಸ್ಸು ಹತ್ತಿ, ಗೇಟಿನ ಮುಂದೆ ಕೂರುವುದು. ಪ್ರತಿ ಸಲವೂ ಒಂದೇ ಉತ್ತರ: ಬೆಳಿಗ್ಗೆ ಜಾಫರ್ ಯಾರಿಗೋ ಹೊಡೆದ, ಇವತ್ತು ಅವನಿಗೆ ಮುಲಾಕಾತ್ ಇಲ್ಲ. ಕಡೆಯ ಸಲ ಆ ಮಂಡಕ್ಕಿಯನ್ನೆಲ್ಲ ಗೇಟಿನ ಮುಂದೆಯೇ ಸುರಿದು, ಪಾರಿವಾಳಗಳು ಮುಕ್ಕುವುದನ್ನು ನೋಡಿ, ಊರಿಗೆ ಬಂದು ನೀವು ಸತ್ತಿರಿ ಎಂದು ಸಾರಿದರಂತೆ. ಅಲ್ಲಿಂದ ನಿಮ್ಮ ಹೆಸರನ್ನು ಅವರ ಮುಂದೆ ಯಾರೂ ಎತ್ತುತ್ತಿರಲಿಲ್ಲ.

ನಾವು ಹೋಗಿ ಎತ್ತಿದೆವು, ಅದೂ ಮೈಕಿನಲ್ಲಿ! ನಿರ್ದೇಶಕರು ಭೋಂಗಾ ಹಿಡಿದು, "ಜಾಫರ್, ಬಾ!" ಎಂದರು. ನಾನು "ಹ್ಞಾಂ, ಬಂದೆ" ಎಂದೆ. ಜರಡಿಯ ಸದ್ದು ನಿಂತಿತು. ಮಾಬೂಬಮ್ಮನ ಬೆನ್ನು ನೆಟ್ಟಗಾಯಿತು. ತಿರುಗಬಾರದು ಎಂದು ಅವರು ಹಟ ಹಿಡಿದದ್ದು ಆ ಬೆನ್ನಿನಲ್ಲೇ ಕಾಣುತ್ತಿತ್ತು. ಕಡೆಗೆ ತಿರುಗಿಯೇ ಬಿಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾ ಅಲ್ಲಾ! ಇವನಾ ಜಾಫರ್? ನನ್ ಮಗಂಗೆ ಇಂಥಾ ಹೊಟ್ಟೆ ಯಾವತ್ತಿತ್ತು?" ಎಂದರು. ಭಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನನ್ನ ಮಗ" ಎಂಬ ಮಾತು ಆ ಮನೆಯಲ್ಲಿ ಕೇಳಿ ವರ್ಷಗಳಾಗಿದ್ದವು. ನನಗೆ ಮಾತ್ರ ಹೊಟ್ಟೆಯ ಬಗ್ಗೆ ಬೇಜಾರಾಯಿತು.

ಮಾರನೆಯ ದಿನದಿಂದ ಊಟ ಶುರುವಾಯಿತು. ನಿಮ್ಮ ಹೆಸರು ಹೊತ್ತವನು ಅವರ ಅಂಗಳದಲ್ಲಿ ಹಸಿದು ನಿಲ್ಲಬಾರದಂತೆ. ಕುರಿ ಮಾಂಸದ ಸಾರು, ಜೋಳದ ರೊಟ್ಟಿ, ಸಂಜೆಗೆ ಖಾರ ಮಂಡಕ್ಕಿ, ಜೊತೆಗೆ ಮಿರ್ಚಿ. ಅತ್ತ ನಿರ್ದೇಶಕರು ನನ್ನನ್ನು ಸೊರಗಿಸಲು ಹೆಣಗುತ್ತಿದ್ದರು, ಏಕೆಂದರೆ ಕಥೆಯಲ್ಲಿ ನೀವು ಅನ್ನ ಬಿಟ್ಟು ಕೂತ ದೃಶ್ಯವಿತ್ತು. ಭಟ್ಟಿಯ ಕಪ್ಪು ಗೋಡೆಯನ್ನೇ ಖೋಲಿಯ ಗೋಡೆ ಮಾಡಿ ಆ ದೃಶ್ಯ ತೆಗೆಯುವಾಗ ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ, ಕ್ಯಾಮೆರಾ ನನ್ನ ಮುಖದ ಹತ್ತಿರ ಬರುತ್ತಿದೆ, ಅಷ್ಟರಲ್ಲಿ ಉಪವಾಸದ ಖೈದಿ ಜೋರಾಗಿ ತೇಗಿದ! ನಿರ್ದೇಶಕರು ಭೋಂಗಾ ನೆಲಕ್ಕೆ ಎಸೆದರು. ಮಾಬೂಬಮ್ಮ ಒಳಗಿನಿಂದ, "ತೇಗು ಬಂತು ಅಂದ್ರೆ ಜೀರ್ಣ ಆತು, ಇನ್ನೊಂದು ರೊಟ್ಟಿ ಹಾಕ್ಲಾ ಬೇಟಾ?" ಎಂದು ಕೂಗಿದರು.

ಇನ್ನೊಂದು ದಿನ ನನಗೆ ದೃಷ್ಟಿ ತೆಗೆದರು. ಒಣಮೆಣಸಿನಕಾಯಿ, ಉಪ್ಪು ನೀವಾಳಿಸಿ ಭಟ್ಟಿಯ ಬೆಂಕಿಗೆ ಹಾಕಿದ್ದೇ ತಡ, ಘಾಟು ಎದ್ದು ಕ್ಯಾಮೆರಾದವರು, ದೀಪದವರು, ನಿರ್ದೇಶಕರು ಎಲ್ಲರೂ ಕೆಮ್ಮಿ ಕೆಮ್ಮಿ ಬೀದಿಗೆ ಓಡಿದರು. ಮಾಬೂಬಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ದೃಷ್ಟಿ ಆಗಿದ್ರೆ ಘಾಟು ಬರ್ತಿರಲಿಲ್ಲ. ನಿನಗೆ ಯಾರೂ ದೃಷ್ಟಿ ಹಾಕಿಲ್ಲ ಬಿಡು. ಈ ಮುಖಕ್ಕೆ ಯಾರು ಹಾಕ್ತಾರೆ!" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಹೊತ್ತಿಗೆ ಜರಡಿ ಹಿಡಿದು ಕೂರುವುದು ನಮ್ಮ ಕಡೆಗೆ ಮುಖ ಮಾಡಿಕೊಂಡೇ ಆಗಿತ್ತು. ಆದರೆ ನಿಮ್ಮ ವಿಷಯ ಬಂದರೆ ಮತ್ತೆ ಅದೇ ಮಾತು: ಅವನು ಸತ್ತ.

ಭಟ್ಟಿಯ ಕೆಲಸ ಮುಗಿದು ಶೂಟಿಂಗು ಹರಿಹರಕ್ಕೆ ಹೋಯಿತು. ಹೊಳೆಯ ಹತ್ತಿರ ಒಂದು ಪಾಳುಬಿದ್ದ ಗೋದಾಮಿಗೆ ಕಂಬಿ ಹಾಕಿ ಜೈಲು ಮಾಡಿದ್ದರು. ಮಾಬೂಬಮ್ಮ ಅಲ್ಲಿಗೂ ಕ್ಯಾರಿಯರು ಹಿಡಿದು ಬಸ್ಸಿನಲ್ಲಿ ಬಂದರು. ಯಾಕಮ್ಮಾ ಇಷ್ಟು ದೂರ ಎಂದರೆ, "ನಿನ್ನ ನೋಡೋಕೆ ಯಾರು ಬಂದ್ರು? ಹೊಳೆ ನೋಡೋಕೆ ಬಂದೆ" ಎನ್ನುವರು. ಹೊಳೆಯಲ್ಲಿ ಆಗ ಮೊಣಕಾಲುದ್ದ ನೀರಿತ್ತು.

ಅಲ್ಲಿ ನಮಗೆ ಗುರುಗಳಾಗಿ ಬಂದವರು ಕಲ್ಲಪ್ಪನವರು. ನೆನಪಾಯಿತೇ? ನಿಮ್ಮ ಬ್ಯಾರಕಿನ ವಾರ್ಡರು ಕಲ್ಲಪ್ಪ, ಈಗ ರಿಟೈರಾಗಿ ಹರಿಹರದಲ್ಲಿದ್ದಾರೆ. ಅವರ ಎಡಗಿವಿ ಕೇಳುವುದಿಲ್ಲ. ಅದು ಹೋದದ್ದು ನಿಮ್ಮ ಕೈಯಿಂದ, ಅದನ್ನು ನಾನು ಮುಚ್ಚಿಟ್ಟು ಬರೆಯುವುದಿಲ್ಲ. ಆದರೂ ಮನುಷ್ಯ ನಗುಮುಖದವರು. ನಾನು ನಾಟಕದ ಪದ್ಧತಿಯಲ್ಲಿ, ಕೈ ಬೀಸಿ ಕೆನ್ನೆಗೆ ಒಂದು ಗೇಣು ಇರುವಾಗ ನಿಲ್ಲಿಸುತ್ತಿದ್ದೆ. ಅವರು ತಲೆ ಚಚ್ಚಿಕೊಂಡು, "ಇದೇನ್ರೀ ಇದು, ಸೊಳ್ಳೆ ಓಡಿಸಿದಂಗೆ? ಜಾಫರ್ ಹೊಡೆದ್ರೆ ಹಲ್ಲಿಗೆ ಹಲ್ಲು ತಾಗಬೇಕು!" ಎನ್ನುವರು. ತಮಗೆ ಬಿದ್ದ ಪೆಟ್ಟಿನ ಬಗ್ಗೆ ಅವರಿಗೆ ಒಂದು ಥರ ಹೆಮ್ಮೆ.

ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರಲ್ಲ, ಮುಂದೆ ಹೇಳುವುದು ನಡೆದದ್ದು ಅದರಿಂದಲೇ. ಒಂದು ಮಧ್ಯಾಹ್ನ ಗೋದಾಮಿನ ಮೆಟ್ಟಿಲ ಮೇಲೆ ಕೂತು, ಆ ಕಿವಿಯ ಪೆಟ್ಟು ಯಾವತ್ತು ಬಿತ್ತು ಎಂದು ಕೇಳಿದೆ. ಅವರು ನನಗೊಬ್ಬನಿಗೆ ಹೇಳಿದೆ ಅಂದುಕೊಂಡರು. ಆದರೆ ಅರ್ಧ ಹರಿಹರಕ್ಕೆ ಕೇಳಿರಬೇಕು. ಅವರ ಮಾತನ್ನೇ ಬರೆಯುತ್ತೇನೆ.

"ಅವತ್ತು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ತಲೆ ಬಾಚಿಕೊಂಡು, ಅಂಗಿ ಗುಂಡಿ ಎಲ್ಲಾ ಹಾಕ್ಕೊಂಡು ಕೂತಿದ್ದ. ನಾ ಹೋಗಿ, ನಿಮ್ಮವ್ವ ಬಂದಾಳಪ್ಪಾ, ಗೇಟಿನ ಹತ್ರ ಕೂತಾಳ ಅಂದೆ. ಎದ್ದು ನಿಂತ. ಕೈ ಗಡಗಡ ನಡುಗ್ತಿತ್ತು. 'ಕಲ್ಲಪ್ಪಾರೆ, ಅವಳಿಗೆ ಹೆಂಗೆ ಮುಖ ತೋರಿಸ್ಲಿ?' ಅಂದ. ಮುಖ ಇದ್ದಂಗೆ ತೋರಿಸು ಬಾರೋ ಅಂತ ಕೈ ಹಿಡ್ಕೊಂಡೆ. ಬಿತ್ತು ನೋಡ್ರಿ ಏಟು! ಬ್ಯಾರೆ ದಿನ ಒಮ್ಮೊಮ್ಮೆ ಹೊಡೀತಿದ್ದ, ಒಮ್ಮೊಮ್ಮೆ ಸುಮ್ನಿರ್ತಿದ್ದ. ಅವ್ವ ಬಂದ ದಿನ ಮಾತ್ರ ತಪ್ಪಿಸ್ತಿರಲಿಲ್ಲ. ಮುಲಾಕಾತ್ ರದ್ದಾದ್ಮೇಲೆ ಖೋಲಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ದ."

ಇದನ್ನು ಆ ತಾಯಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಮೊದಲು ಆಸ್ಪತ್ರೇಲಿದ್ದೆ. ಆಮೇಲೆ ಸಿಟ್ಟಿತ್ತು. ಸಿಟ್ಟು ಇಳಿಯೋ ಹೊತ್ತಿಗೆ ರಿಟೈರಾದೆ" ಎಂದರು. ಹಿಂದೆ ಏನೋ ಸದ್ದಾಯಿತು. ತಿರುಗಿದರೆ ಬಾಗಿಲಲ್ಲಿ ಮಾಬೂಬಮ್ಮ. ಕೈಯಲ್ಲಿ ಕ್ಯಾರಿಯರು ಹಾಗೇ ಇತ್ತು.

ಅವರು ಕಲ್ಲಪ್ಪನವರ ಮುಂದೆ ಬಂದು ನಿಂತು, "ಯಾವ ಕಿವಿ?" ಎಂದರು. ಅವರು ಕತ್ತು ತಿರುಗಿಸಿ ತೋರಿಸಿದರು. ಮಾಬೂಬಮ್ಮ ಆ ಕಿವಿಯ ಮೇಲೆ ಅಂಗೈ ಇಟ್ಟು, ತುಟಿಯಲ್ಲೇ ಏನೋ ಓದಿ, ಮೆಲ್ಲಗೆ ಊದಿದರು. ಕಲ್ಲಪ್ಪನವರು ಕಣ್ಣು ಮುಚ್ಚಿಕೊಂಡು ಹಾಗೇ ಕೂತಿದ್ದರು. ಆಮೇಲೆ ಅಮ್ಮ ಕ್ಯಾರಿಯರನ್ನು ಅವರ ತೊಡೆಯ ಮೇಲಿಟ್ಟು ಹೊಳೆಯ ಕಡೆ ನಡೆದುಹೋದರು. ಅವತ್ತು ನನಗೆ ಊಟವಿಲ್ಲ. ಕಲ್ಲಪ್ಪನವರು ನನ್ನ ಕಣ್ಣೆದುರಿಗೇ ಎಲುಬು ಚೀಪಿದರು. ಬಾಯಿಮಾತಿಗೂ "ಬಾ" ಎನ್ನಲಿಲ್ಲ.

ಅದಾದ ಮೇಲೆ ಬಂದದ್ದು ಸಾವಿನ ದೃಶ್ಯ. ಸಿನಿಮಾ ಗಟ್ಟಿಯಾಗಿ ಮುಗಿಯಬೇಕಾದರೆ ಜಾಫರ್ ಖೋಲಿಯಲ್ಲಿ ಸಾಯಬೇಕು ಎಂದು ನಿರ್ದೇಶಕರು ತೀರ್ಮಾನಿಸಿದ್ದರು. ಮಾಬೂಬಮ್ಮನ ಕಿವಿಗೆ ಬಿತ್ತು. ಸೀದಾ ಬಂದು ನಿರ್ದೇಶಕರ ಕುರ್ಚಿಯ ಮುಂದೆ ನಿಂತು, "ನನ್ ಮಗನ್ನ ಸಾಯಿಸ್ತೀರಂತೆ?" ಎಂದರು. ನಿರ್ದೇಶಕರು ತಡವರಿಸಿ, ನೀವೇ ಸತ್ತ ಎಂದಿದ್ದಿರಲ್ಲ ಅಮ್ಮಾ ಎಂದರು. ಆಗ ನಿಮ್ಮ ತಾಯಿ ಹೇಳಿದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ: "ನಾ ಹೆತ್ತಾಕಿ, ಅಂದೀನಿ. ನೀವು ಅನ್ನೋಕೆ ಯಾರು?"

ನಡುವೆ ನಾನು ಬಾಯಿ ಹಾಕಿದೆ. ನಮ್ಮಲ್ಲಿ ಒಂದು ಪದ್ಧತಿ ಉಂಟು, ಕಂಪನಿಯಲ್ಲೂ ಉಂಟು, ಸಿನಿಮಾದಲ್ಲೂ ಉಂಟು. ಬಣ್ಣ ಹಚ್ಚಿ ಸತ್ತವನು ಹಾಗೇ ಎದ್ದು ಹೋಗಬಾರದು. ಹೆಣವಾದ ಮೇಲೆ ಎದ್ದು ಕೂತು ನಗಬೇಕು, ಅವನು ಸತ್ತದ್ದನ್ನು ಕಂಡ ಕ್ಯಾಮೆರಾವೇ ಅವನು ನಕ್ಕದ್ದನ್ನೂ ಕಾಣಬೇಕು. ಇಲ್ಲದಿದ್ದರೆ ಅಪಶಕುನ. ಅಮ್ಮಾ, ನಾನು ಸತ್ತ ಮೇಲೆ ಎದ್ದು ನಗುತ್ತೇನೆ, ನೀವೇ ನಿಂತು ನೋಡಿ ಎಂದೆ. ನಿರ್ದೇಶಕರು ರೀಲು ದಂಡ ಎಂದು ಗೊಣಗಿದರು. ಮಾಬೂಬಮ್ಮ, "ನಗದಿದ್ರೆ ಸಾಯೋದೂ ಬ್ಯಾಡ" ಎಂದರು. ಒಪ್ಪಲೇಬೇಕಾಯಿತು.

ಸತ್ತೆ. ಚೆನ್ನಾಗಿಯೇ ಸತ್ತೆ ಎಂದು ಎಲ್ಲರೂ ಹೇಳಿದರು. ಆಮೇಲೆ ಎದ್ದು ಕೂತು ಹಲ್ಲು ಕಿರಿದೆ. "ಥೂ, ಜಾಫರ್ ಹಿಂಗೆ ನಗಲ್ಲ" ಎಂದು ಕ್ಯಾಮೆರಾದ ಹಿಂದಿನಿಂದ ದನಿ ಬಂತು. ಮಾಬೂಬಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಮೊದಲು ತಲೆ ತಗ್ಗಿಸ್ತಾನ. ನಗು ತಡಕೊಂತಾನ. ಭುಜ ಕುಣೀತಾವ. ತಡಿಯೋಕೆ ಆಗ್ದಾಗ ಕಣ್ಣೆತ್ತಿ ನೋಡಿ ನಕ್ಕುಬಿಡ್ತಾನ. ಹಂಗೆ ಮಾಡು." ಹಾಗೇ ಮಾಡಿದೆ. ತಲೆ, ಭುಜ, ಕಣ್ಣು. ನಾನು ಕಣ್ಣೆತ್ತಿದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಜಾಫರಣ್ಣ, ಆ ಸಿನಿಮಾದಲ್ಲಿ ನಾನು ನಿಜವಾಗಿ ನೀವಾದದ್ದು ಅದೊಂದೇ ಕಡೆ. ಅದರ ನಿರ್ದೇಶನ ನಿಮ್ಮ ತಾಯಿಯದು.

ಹೋದ ತಿಂಗಳು ಸಿನಿಮಾ ದಾವಣಗೆರೆಗೆ ಬಂತು. ಮೊದಲ ಮ್ಯಾಟಿನಿಗೆ ಭಟ್ಟಿಗಳ ಕಡೆಯವರೆಲ್ಲ ಬೆಂಕಿ ಆರಿಸಿ ಬಂದಿದ್ದರು. ಬಿಸಿಲೋ ಬಿಸಿಲು, ಒಳಗೆ ಫ್ಯಾನು ಗಡಗಡ ಎನ್ನುತ್ತಿತ್ತು. ಹೆಂಗಸರ ಕಡೆ ಕೊಟ್ರವ್ವನ ಪಕ್ಕ ಮಾಬೂಬಮ್ಮ ಕೂತರು. ನನ್ನ ಪಕ್ಕ ಕಲ್ಲಪ್ಪನವರು. ತೆರೆಯ ಮೇಲೆ ವಾರ್ಡರಿಗೆ ಪೆಟ್ಟು ಬಿದ್ದಾಗಲೆಲ್ಲ ಎದ್ದು ನಿಂತು, "ಅದು ನಾನು! ಅದು ನಾನೇ!" ಎಂದು ಜನಕ್ಕೆಲ್ಲ ಕಿವಿ ತೋರಿಸಿದರು. ಶಿಳ್ಳೆ ಬಿದ್ದದ್ದು ನನಗಿಂತ ಅವರಿಗೇ ಜಾಸ್ತಿ.

ಕೊನೆಗೆ ಜಾಫರ್ ಸತ್ತ. ತೆರೆ ಕಪ್ಪಾಯಿತು. ಯಾರೋ ಮೂಗು ಸೀಟಿದರು. ಜನ ಏಳಬೇಕು ಅನ್ನುವಷ್ಟರಲ್ಲಿ ತೆರೆ ಮತ್ತೆ ಬೆಳಗಿತು. ಸತ್ತವನು ಎದ್ದು ಕೂತಿದ್ದ! ತಲೆ ತಗ್ಗಿಸಿದ, ಭುಜ ಕುಣಿಯಿತು, ಕಣ್ಣೆತ್ತಿ ನಕ್ಕ. ಕತ್ತರಿಸಿ ಬಿಸಾಡಬೇಕಿದ್ದ ತುಣುಕು ಹೇಗೋ ಈ ರೀಲಿನ ಬಾಲಕ್ಕೆ ಅಂಟಿಕೊಂಡು ಬಂದುಬಿಟ್ಟಿತ್ತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಕುರ್ಚಿ ಮಡಚಿಕೊಂಡ ಸದ್ದು, ಮಾಬೂಬಮ್ಮನ ಗಂಟಲು: "ಎದ್ದ! ನೋಡ್ರಿ, ಎದ್ದ! ನನ್ ಮಗ ಬದುಕಿದಾನ!" ಅಮ್ಮಾ, ಅದು ನಮ್ಮ ಅಂಜಿನಪ್ಪ ಎಂದು ಯಾರೂ ಹೇಳಲಿಲ್ಲ. ಅವರಿಗೂ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಇಡೀ ಟಾಕೀಸು ಎದ್ದು ಚಪ್ಪಾಳೆ ಹೊಡೆಯಿತು. ನಾನು ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಪರೇಟರು ರಜಾಕ್ ನಿಮ್ಮ ಬೀದಿಯವನೇ. ಬೆಳಿಗ್ಗೆ ರೀಲು ನೋಡುವಾಗಲೇ ಆ ತುಣುಕನ್ನು ಕಂಡಿದ್ದನಂತೆ. "ಸತ್ತೋನು ಎದ್ದು ನಗೋದನ್ನ ಕತ್ತರಿಸೋಕೆ ನನಗೇನು ಹುಚ್ಚಾ?" ಎಂದ. ಅದನ್ನು ತೆಗೆಯಿರಿ ಎಂದು ನಿರ್ದೇಶಕರಿಂದ ತಂತಿ ಬಂತು. ರಜಾಕ್ ಅದನ್ನು ಮಡಚಿ ಅಲ್ಲಾಡುವ ಸ್ಟೂಲಿನ ಕಾಲಿಗೆ ಕೊಟ್ಟ. ಬೇರೆ ಊರುಗಳ ರೀಲಿನಲ್ಲಿ ಆ ನಗು ಇಲ್ಲ. ಅಲ್ಲೆಲ್ಲ ನೀವು ಸತ್ತೇ ಇದ್ದೀರಿ, ಸಿನಿಮಾವೂ ವಾರ ತುಂಬದೆ ಸತ್ತಿದೆ. ದಾವಣಗೆರೆಯಲ್ಲಿ ಮಾತ್ರ ಜನ ಕಡೆಯ ಆ ನಗುವಿಗಾಗಿಯೇ ಬರುತ್ತಿದ್ದಾರೆ.

ಈಗ ಕೇಳಿ, ಈ ಕಾಗದ ಬರೆದದ್ದೇ ಇದಕ್ಕೆ. ಮಾರನೆಯ ಬೆಳಿಗ್ಗೆ ಮಾಬೂಬಮ್ಮ ನನಗೆ ಹೇಳಿ ಕಳಿಸಿದರು. ಹೋದರೆ ಭಟ್ಟಿ ಉರಿಯುತ್ತಿತ್ತು. "ಅಂಜಿನಪ್ಪಾ, ಜೈಲಿನ ಕಡೆ ಬಸ್ಸು ಎಷ್ಟೊತ್ತಿಗೆ?" ಎಂದರು. ರಂಜಾನಿನ ರೋಜಾ ಶುರುವಾಗುವ ಮುಂಚಿನ ಗುರುವಾರ ಅವರು ನಿಮ್ಮನ್ನು ನೋಡಲು ಬರುತ್ತಿದ್ದಾರೆ. ಈ ವರ್ಷದ ಉಪವಾಸವನ್ನು ನಿಮ್ಮ ಮುಖ ನೋಡಿ ಹಿಡಿಯುತ್ತಾರಂತೆ. ಜೊತೆಗೆ ನಾನಿರುತ್ತೇನೆ, ಕಲ್ಲಪ್ಪನವರೂ ಇರುತ್ತಾರೆ. "ಹೊಡೆಯೋದಾದ್ರೆ ಇನ್ನೊಂದು ಕಿವಿ ಐತೆ ಅಂತ ಹೇಳ್ರಿ" ಎಂದು ನಗುತ್ತಾ ಅಂದಿದ್ದಾರೆ. ಆದರೆ ಮಾಬೂಬಮ್ಮನಿಗೆ ವಯಸ್ಸಾಗಿದೆ ಜಾಫರಣ್ಣ. ಬಸ್ಸಿನ ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿಯುತ್ತಾರೆ. ಇನ್ನೊಮ್ಮೆ ಆ ಗೇಟಿನಿಂದ ಹಿಂದಿರುಗಿದರೆ ಮತ್ತೆ ಬರುವ ಶಕ್ತಿ ಅವರಿಗಿಲ್ಲ.

ಆ ದಿನ ಬೆಳಿಗ್ಗೆ ಕೈ ನಡುಗುತ್ತದೆ. ನನಗೆ ಗೊತ್ತು. ಊರೆಲ್ಲ ನಿಮ್ಮದು ಸಿಟ್ಟು ಎಂದಿತು, ಪೇಪರಿನವರು ಕ್ರೌರ್ಯ ಎಂದರು, ನಿರ್ದೇಶಕರು ಇನ್ನೂ ಏನೇನೋ ದೊಡ್ಡ ಮಾತು ಹೇಳಿದರು. ಪರದೆಯ ಹಿಂದೆ ಬಗ್ಗಿ ನಿಂತು ಇಷ್ಟು ವರ್ಷ ವಾಂತಿ ಮಾಡಿಕೊಂಡವನು ಹೇಳುತ್ತೇನೆ, ಅದು ಅಂಜಿಕೆ. ಪರದೆ ಏಳುವುದಕ್ಕೆ ಮುಂಚಿನ ಅಂಜಿಕೆ. ನನ್ನನ್ನು ಇವರು ಹೇಗೆ ನೋಡುತ್ತಾರೋ ಎಂದು ಓಡಿಹೋಗೋಣ ಅನ್ನಿಸುತ್ತದೆ. ನಿಮಗೆ ಓಡಲು ಜಾಗವಿಲ್ಲ, ಅದಕ್ಕೆ ಹೊಡೆಯುತ್ತೀರಿ. ನನ್ನ ಮಾತು ಕೇಳಿ, ಹೊಡೆಯಬೇಡಿ. ವಾಂತಿ ಮಾಡಿಕೊಳ್ಳಿ. ಅದರಲ್ಲಿ ಅವಮಾನವಿಲ್ಲ, ಯಾರ ಕಿವಿಯೂ ಹೋಗುವುದಿಲ್ಲ. ಆಮೇಲೆ ತಣ್ಣೀರಿನಿಂದ ಮುಖ ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು ನಡೆಯಿರಿ. ಸಾಹೇಬರೇ, ನೀವು ಇನ್ನೂ ಓದುತ್ತಿದ್ದರೆ, ಆ ಗುರುವಾರ ಬೆಳಿಗ್ಗೆ ಇವರ ಖೋಲಿಯಲ್ಲಿ ಒಂದು ಬಕೆಟ್ಟು ಇಡಿಸಿ.

ಜಾಲರಿಯ ಆಚೆ ಅವರು ಬಂದು ನಿಲ್ಲುತ್ತಾರೆ, ಕೈಯಲ್ಲಿ ಮಂಡಕ್ಕಿಯ ಚೀಲ ಇರುತ್ತದೆ. ಏನು ಮಾತಾಡಲಿ ಎಂದು ತಲೆ ಕೆಡಿಸಿಕೊಳ್ಳಬೇಡಿ, ಮಾತು ಅವರ ಹತ್ತಿರ ಬೇಕಾದಷ್ಟಿದೆ. ಕ್ಷಮಿಸು ಎನ್ನುವುದೂ ಆಮೇಲಾಯಿತು. ನಿಮ್ಮ ಹೊಟ್ಟೆ ಚಪ್ಪಟೆ ಇದ್ದರೆ ನನ್ನನ್ನು ತೋರಿಸಿ ಬೈಯುತ್ತಾರೆ, ಅದಕ್ಕೂ ನಾನು ಸಿದ್ಧ.

ದೇವರು ನಿಮ್ಮ ಕೈಗೆ ಆ ಒಂದು ದಿನ ನಿದ್ದೆ ಕೊಡಲಿ, ಕಾಲಿಗೆ ಬಲ ಕೊಡಲಿ. ಗುರುವಾರ ನೋಡೋಣ.

ನಿಮ್ಮ ಹೆಸರಿಗೆ ಎರಡು ತಿಂಗಳು ಓಗೊಟ್ಟ,
ಗುತ್ತೂರು ಅಂಜಿನಪ್ಪ

ಕಾಗದ ಮಡಚುವ ಮುಂಚೆ ಇನ್ನೊಂದು ಮಾತು. ನಿಮ್ಮನ್ನು ನಿಮ್ಮ ತಾಯಿಯೂ ಸಾಯಿಸಿದ್ದರು, ನಾವೂ ಸಾಯಿಸಿದ್ದೆವು. ಸತ್ತವರು ಎದ್ದು ನಗಬೇಕು, ಅದು ಪದ್ಧತಿ. ಮೊದಲು ತಲೆ ತಗ್ಗಿಸಿ. ತಡೆದುಕೊಳ್ಳಿ. ಆಮೇಲೆ ಕಣ್ಣೆತ್ತಿ ಅವ್ವನನ್ನು ನೋಡಿ.